ಗುಂಡಿ

ಹೆಸರಿಡುವಾಗ ನೆನೆದದ್ದು ಪ್ಯಾಂಟಿನ ಗುಂಡಿ,
ಕತ್ತಲಲ್ಲಿ ಅದರ ಕಣ್ಣು ಹಿತ್ತಾಳೆಯಂತೆ ಮಿನುಗಿತ್ತು.
ತೋಡುವ ಗುಂಡಿ ಆಮೇಲೆ ನೆನಪಾಯಿತು.

ಬಳ್ಳಾರಿ, ಕೌಲ್‌ಬಜಾರಿನ ಒಂದೂವರೆ ಕೋಣೆ, ಮೊದಲ ಮಹಡಿ.
ಒಂದರಲ್ಲಿ ಮಿಷನ್ನು, ನಾನು, ಕತ್ತರಿಸಿ ತಂದ ಜೀನ್ಸು;
ಅರ್ಧದಲ್ಲಿ ಒಲೆ, ಅತ್ತೆ ಸುಂಕಮ್ಮನ ಚಾಪೆ.
ಬಣ್ಣದ ಶೆಡ್ಡಿನ ಹಿಂದೆ ತಾಯಿ ಸತ್ತು ಬಿದ್ದಿತ್ತೆಂದು
ಹುಲುಗಪ್ಪ ಮೇಸ್ತ್ರಿ ಕಟ್ಟಿನ ಜೊತೆಗೇ ತಂದುಕೊಟ್ಟ ಮರಿ,
ಬಾಲದ ತುದಿ ಇನ್ನೂ ನೀಲಿ.

ಮೊದಲ ದಿನ ಜೇಬಿನ ರಾಶಿಯ ಮೇಲೆ.
ಎರಡನೆಯ ದಿನ ಜೇಬಿನ ರಾಶಿಯ ಮೇಲೆ.
ಮೂರನೆಯ ದಿನ ರಾಶಿ ಒಣಗಿತ್ತೆಂದು ಹಿಗ್ಗಿದೆ;
ಸೊಂಟಪಟ್ಟಿಯ ಕಟ್ಟು ಎತ್ತಿದರೆ ಅಡಿಯಲ್ಲಿ ತೇವ.
ನಲವತ್ತು ಪೀಸು ತೊಳೆದು ಮಾಳಿಗೆಯ ಮೇಲೆ ಹರವಿದೆ,
ಲಾರಿಗಳ ಕೆಂಪು ಧೂಳು ಬಂದು ಕೂತಿತು.
ಹುಲುಗಪ್ಪ ಮೂಸಿ ನೋಡಿ, ಏನೂ ಅನ್ನದೆ,
ಚೀಟಿಯಲ್ಲಿ ಮುನ್ನೂರ ಇಪ್ಪತ್ತು ಹೊಡೆದುಹಾಕಿದ.

"ಮೂಗು ಹಿಡಿದು ತಿಕ್ಕು, ತಾನೇ ಕಲೀತೈತಿ"
ಅಂದಳು ಕೆಳಮನೆಯ ಮಹಬೂಬ್ಬಿ. ತಿಕ್ಕಿದೆ.
ಕಲಿಯಿತು.
ನನ್ನ ಚಪ್ಪಲಿಯ ಸದ್ದು ಕಲಿಯಿತು. ನಾನಿಲ್ಲದ ಮೂಲೆ ಕಲಿಯಿತು.
ಮಿಷನ್ನಿನ ಹಿಂದೆ, ಗೋಡೆಗೂ ಪೆಡಲಿಗೂ ನಡುವೆ,
ಕೈ ಹೋಗದ ಕಡೆ ಕಳ್ಳನಂತೆ ಕೂತು ಮುಗಿಸಿ
ಬರೀ ಸಿಮೆಂಟನ್ನು ಕೆರೆಯುತ್ತಿತ್ತು, ಉಗುರು ಸವೆಯುವಷ್ಟು,
ಇಲ್ಲದ ಮಣ್ಣನ್ನು ಎಳೆದೆಳೆದು ಮುಚ್ಚುತ್ತ.

ಆ ಕೆರೆತ ಕೇಳಿ ಅತ್ತೆ ಚಾಪೆಯಿಂದ ಎದ್ದು ಕೂತಳು.
"ಅದಕ್ಕ ಜಾಗಾ ತೋರ್ಸೀಯೇನು?"
ಇಲ್ಲ.
"ಮತ್ತ? ಹೊಡಿಯಾಕ ಕೈ ಐತಿ, ತೋರ್ಸಾಕ ಬೆರಳಿಲ್ಲೇನು?"

ಆಮೇಲೆ ಗೋಡೆಗೆ ಹೇಳಿದಂತೆ ಹೇಳಿದಳು:
ಮೋಕಾದಿಂದ ಮದುವೆಯಾಗಿ ಬಂದ ಹೊಸದು,
ಈ ಊರಲ್ಲಿ ಹೆಂಗಸರು ಎಲ್ಲಿಗೆ ಹೋಗುತ್ತಾರೆಂದು ಯಾರೂ ಹೇಳಲಿಲ್ಲ.
ಕೇಳಲು ನಾಚಿಕೆ. ಹೊತ್ತು ಮುಳುಗುವ ತನಕ ನೀರು ಮುಟ್ಟದೆ,
ಉಣ್ಣಲು ಕರೆದರೆ ಹಸಿವಿಲ್ಲ ಎನ್ನುತ್ತ
ಎಂಟು ದಿನ. ಒಂಬತ್ತನೆಯ ದಿನ ಕಟ್ಟಿಗೆಯ ಒಟ್ಟಿಲ ಹಿಂದೆ...
ಅಷ್ಟಕ್ಕೇ ನಿಲ್ಲಿಸಿದಳು.
"ನಮ್ಮತ್ತಿ ಬೈದ ಬೈಗುಳ ಇನ್ನಾ ಕಿವ್ಯಾಗ ಐತಿ.
ಮೂಗೊಂದು ತಿಕ್ಕಲಿಲ್ಲ ಪುಣ್ಯಾತ್ಮಳು."

ನಾನು ಪೋಣಿಸಿದ ಸೂಜಿಗೇ ಮತ್ತೆ ದಾರ ಪೋಣಿಸುತ್ತ ಕೂತೆ.

ತಿರುವಿನಲ್ಲಿ ಮನೆ ಕಟ್ಟಿಸುವವರ ಮರಳು, ಹಗರಿಯದು,
ಎರಡು ಪುಟ್ಟಿ ಕೇಳಿ ತಂದೆ.
ಅತ್ತೆ ಒಂದು ಮುಷ್ಟಿ ಹಿಡಿದು, "ನಮ್ಮೂರ ಕಡೀದು" ಅಂದಳು.
ಬಣ್ಣದ ಡ್ರಮ್ಮಿನ ತಳ ಕೊಯ್ಸಿ, ತುಂಬಿ,
ಅದು ಆರಿಸಿಕೊಂಡ ಮೂಲೆಯಲ್ಲೇ ಇಟ್ಟೆವು,
ಜಾಗ ಅದರದು, ಮರಳು ಮಾತ್ರ ನಮ್ಮದು.
ಬಂತು. ಮೂಸಿತು. ಒಂದು ಕಾಲಿಟ್ಟು ತೆಗೆಯಿತು.
ನಾವಿಬ್ಬರೂ ಮುಖ ಆಚೆ ತಿರುಗಿಸಿದೆವು.
ಕರಕರ. ಕರಕರ.
ಗುಂಡಿ ಗುಂಡಿ ತೋಡಿತು.

ಎಲ್ಲ ಸರಿಹೋಯಿತೆಂದಲ್ಲ.
ಮರಳು ಚಾಪೆಯಲ್ಲಿ, ಹಾಸಿಗೆಯಲ್ಲಿ, ಒಮ್ಮೆ ಸಾರಿನಲ್ಲಿ.
ನೀರಿಗೆ ಪಂಜ ಅದ್ದಿ ನೆಕ್ಕುತ್ತದೆ, ಬಟ್ಟಲಿಗೆ ಬಾಯಿ ಹಚ್ಚದು.
ರಾತ್ರಿ ಎರಡಕ್ಕೆ ನೂಲಿನ ಉಂಡೆ ಉರುಳಿಸಿ ಒಲೆಯ ಕಾಲಿಗೆ ಸುತ್ತುತ್ತದೆ
(ಸೂಜಿಡಬ್ಬಿ ಈಗ ಮೇಲಿನ ಗೂಡಿನಲ್ಲಿ).
ಹೊಲಿದು ಮುಗಿದ ಸೊಂಟಪಟ್ಟಿ ಸಿಕ್ಕರೆ
ಮುಂಗಾಲಲ್ಲಿ ನಾದಿ ನಾದಿ, ಕಣ್ಣು ಮುಚ್ಚಿ, ಅಂಚು ಚೀಪುತ್ತದೆ,
ಐದು ರೂಪಾಯಿ ನಾಣ್ಯದಷ್ಟು ತೇವ.
ಅದಕ್ಕೆಂದೇ ಒಂದು ಚಿಂದಿ ಕೊಟ್ಟೆ. ಬೇಡವಂತೆ.
ಹುಲುಗಪ್ಪ ಬರುವ ಮೊದಲು ಇಸ್ತ್ರಿ ತಾಗಿಸಿ ಒಣಗಿಸುತ್ತೇನೆ.

ಅತ್ತೆ ರಾತ್ರಿ ಏಳುವಾಗ ಈಗ ನನ್ನನ್ನು ಕರೆಯುತ್ತಾಳೆ,
ಕೆಳಗಿನ ಪಾಯಖಾನೆಗೆ ಮೆಟ್ಟಿಲಿಳಿಸಲು.
ಮುಂಚೆ ಕರೆಯುತ್ತಿರಲಿಲ್ಲ.
ಸಂಜೆಯಾದ ಮೇಲೆ ನೀರು ಯಾಕೆ ಕುಡಿಯುವುದಿಲ್ಲವೆಂದು
ನಾನೂ ಕೇಳಿರಲಿಲ್ಲ.
ಗುಂಡಿಯೂ ಹಿಂದೆ ಬರುತ್ತದೆ, ಮೂರನೆಯ ಮೆಟ್ಟಿಲ ತನಕ.